ಉಚಿತ, ಬಿಟ್ಟಿ, ಮುಕ್ತ, ಸ್ವತಂತ್ರ: ಗಣಕಲೋಕದ ವಾಗ್ವಾದ ಮತ್ತು ಕನ್ನಡದ ಪರಿಭಾಷೆ

1

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ‘ಸಾಹಿತ್ಯ ಕೃತಿ’ ಎಂಬುದಕ್ಕೆ ಕೊಡುವ ವ್ಯಾಖ್ಯೆಯೊಳಗೆ, ಅನಂತರದ ತಿದ್ದುಪಡಿಗಳ ಮೂಲಕ, ಗಣಕದ ಕ್ರಮವಿಧಿಗಳೂ ಸೇರಿಕೊಂಡಿವೆ. ಕಾನೂನಿನ ದೃಷ್ಟಿಯಲ್ಲಿ ಒಂದು ಕಾದಂಬರಿಯೂ ಒಂದು ತಂತ್ರಾಂಶವೂ ಒಂದೇ ವರ್ಗದ ಬರವಣಿಗೆಗಳು. ಈ ವರ್ಗೀಕರಣ ವ್ಯವಹಾರದ ಅನುಕೂಲಕ್ಕಾಗಿ ಹುಟ್ಟಿದ್ದೆಂಬುದು ನಿಜ. ಆದರೆ ತಂತ್ರಾಂಶವೂ ಬರವಣಿಗೆಯೇ ಆಗಿದ್ದರೆ ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಪ್ರತಿಮಾಡಿ ಹಂಚಬಹುದು ಎಂಬ ಪ್ರಶ್ನೆಗಳು ತಂತ್ರಜ್ಞರಿಗೆ ಮಾತ್ರ ಸೇರಿದವಾಗಿ ಉಳಿಯುವುದಿಲ್ಲ. ಹಸ್ತಪ್ರತಿ, ಪಾಠಾಂತರ, ಪ್ರಕ್ಷೇಪಗಳ ಚರ್ಚೆಯಲ್ಲಿ ಪಳಗಿದ ಕನ್ನಡ ವಿದ್ವತ್ತಿಗೆ ಈ ಪ್ರಶ್ನೆಗಳು ಅಪರಿಚಿತವೂ ಅಲ್ಲ.

ಗಣಕ ಕಂಪನಿಗಳ ಅಧಿಕಾರವನ್ನು ಕುರಿತು ಅಮೆರಿಕದಲ್ಲಿ ಅರ್ಧ ಶತಮಾನದಿಂದ ನಡೆದಿರುವ ವಾಗ್ವಾದವನ್ನು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವೆಂದೋ ವ್ಯಾಪಾರದ ಇತಿಹಾಸವೆಂದೋ ಬರೆಯಲಾಗಿದೆ. ಅದು ಪದಗಳ ಇತಿಹಾಸವೂ ಹೌದು. ‘ಕಳವು’, ‘ಹಂಚಿಕೆ’, ‘ಫ್ರೀ’, ‘ಓಪನ್’ ಎಂಬ ಕೆಲವೇ ಪದಗಳ ಮೇಲೆ ಯಾರ ಅರ್ಥ ಗೆಲ್ಲಬೇಕು ಎಂಬುದೇ ಅಲ್ಲಿನ ಹೋರಾಟದ ಒಂದು ಮುಖ್ಯ ಅಂಗ. ಈ ಪದಗಳು ಕನ್ನಡಕ್ಕೆ ಬಂದಾಗ ಯಾವ ರೂಪ ತಳೆದವು, ಆ ರೂಪಗಳು ಕನ್ನಡ ಓದುಗನಿಗೆ ಏನನ್ನು ಕಾಣಿಸಿದವು, ಏನನ್ನು ಮರೆಸಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಮೂರು ಪಠ್ಯಗಳನ್ನು ಆರಿಸಿಕೊಳ್ಳಲಾಗಿದೆ: ಬಿಲ್ ಗೇಟ್ಸ್ 1976ರಲ್ಲಿ ಬರೆದ ಬಹಿರಂಗ ಪತ್ರ, ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಪ್ರಕಟಿಸಿದ ಗ್ನೂ ಪ್ರಣಾಳಿಕೆ, ಎರಿಕ್ ರೇಮಂಡ್ 1997ರಲ್ಲಿ ಮಂಡಿಸಿದ ‘ದ ಕೆಥೀಡ್ರಲ್ ಅಂಡ್ ದ ಬಜಾರ್’ ಎಂಬ ಪ್ರಬಂಧ.

2

ಗೇಟ್ಸ್ ಪತ್ರದ ದಿನಾಂಕ 1976ರ ಫೆಬ್ರವರಿ 3. ಬರೆದವನಿಗೆ ಆಗ ಇಪ್ಪತ್ತು ವರ್ಷ. ಆಲ್ಟೇರ್ ಎಂಬ ಪುಟ್ಟ ಗಣಕಕ್ಕಾಗಿ ಆತನೂ ಪಾಲ್ ಆಲನ್‌ನೂ ಮತ್ತೊಬ್ಬ ಸಹಾಯಕನೂ ಸೇರಿ ಬೇಸಿಕ್ ಭಾಷೆಯ ಒಂದು ರೂಪವನ್ನು ಸಿದ್ಧಪಡಿಸಿದ್ದರು. ಗಣಕವನ್ನು ಹವ್ಯಾಸವಾಗಿ ಕಟ್ಟಿಕೊಳ್ಳುತ್ತಿದ್ದವರು ಅದರ ಪ್ರತಿಗಳನ್ನು ತಮ್ಮತಮ್ಮೊಳಗೆ ಹಂಚಿಕೊಂಡರು. ಆಲ್ಟೇರ್ ಕೊಂಡವರಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಮಂದಿ ಮಾತ್ರ ಬೇಸಿಕ್ಕಿಗೆ ಹಣ ಕೊಟ್ಟಿದ್ದಾರೆ, ತಾವು ಬಳಸಿದ ಗಣಕ ಸಮಯದ ಬೆಲೆಯೇ 40,000 ಡಾಲರಿಗೂ ಮಿಗಿಲು, ಲೆಕ್ಕ ಹಾಕಿದರೆ ತಮ್ಮ ದುಡಿಮೆಗೆ ಗಂಟೆಗೆ 2 ಡಾಲರೂ ಗಿಟ್ಟಿಲ್ಲ ಎಂಬುದು ಪತ್ರದ ದೂರು. ಹವ್ಯಾಸಿಗಳು ಹಂಚಿಕೆಯೆಂದು ಭಾವಿಸಿದ್ದನ್ನು ಪತ್ರವು ಕಳವು ಎಂದು ಕರೆಯುತ್ತದೆ.

ಈ ಪತ್ರದ ಬಲವಿರುವುದು ಅದರ ಲೆಕ್ಕದಲ್ಲಿ. ಅದು ತತ್ತ್ವವನ್ನು ಹೇಳುವುದಿಲ್ಲ, ಆಯವ್ಯಯವನ್ನು ಮುಂದಿಡುತ್ತದೆ. ದುಡಿದವನಿಗೆ ಕೂಲಿ ಸಿಗದಿದ್ದರೆ ಒಳ್ಳೆಯ ಕೆಲಸ ಮಾಡುವವರು ಯಾರು ಎಂಬ ಅದರ ಪ್ರಶ್ನೆ ಇಂದಿಗೂ ತಳ್ಳಿಹಾಕುವಂಥದ್ದಲ್ಲ. ಆದರೆ ಲೆಕ್ಕ ಕೊಡುವ ಬರವಣಿಗೆಯನ್ನು ಓದುವಾಗ ಲೆಕ್ಕಕ್ಕೆ ಬಾರದೆ ಉಳಿದದ್ದನ್ನೂ ಗಮನಿಸಬೇಕಾಗುತ್ತದೆ. ಬೇಸಿಕ್ ಭಾಷೆಯನ್ನು ರೂಪಿಸಿದವರು ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್. 1964ರಲ್ಲಿ, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಗಣಕವನ್ನು ಬಳಸುವಂತಾಗಲಿ ಎಂಬ ಆಶಯದಿಂದ. ಆಲ್ಟೇರ್‌ಗಾಗಿ ಅದರ ರೂಪವನ್ನು ಸಿದ್ಧಪಡಿಸುವ ಆರಂಭದ ಕೆಲಸ ನಡೆದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಗಣಕದ ಮೇಲೆ. ಗಣಕ ಸಮಯದ ಬೆಲೆಯನ್ನು ಹೇಳುವ ಪತ್ರ ಆ ಗಣಕ ಯಾರದ್ದೆಂದು ಹೇಳುವುದಿಲ್ಲ. ಸಮುದಾಯದಿಂದ ಪಡೆದದ್ದು ಋಣವಾಗಿ ಕಾಣದೆ, ಸಮುದಾಯಕ್ಕೆ ಹೋದದ್ದು ಮಾತ್ರ ನಷ್ಟವಾಗಿ ಕಾಣುವ ಈ ದೃಷ್ಟಿಯೇ ಮುಂದೆ ಒಂದು ಉದ್ಯಮದ ಸಹಜ ದೃಷ್ಟಿಯಾಯಿತು.

3

ಸ್ಟಾಲ್‌ಮನ್ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದವನು. ಅಲ್ಲಿ ಕ್ರಮವಿಧಿಗಳನ್ನು ಒಬ್ಬರಿಂದೊಬ್ಬರು ಪಡೆದು ತಿದ್ದುವುದು ವಾಡಿಕೆಯಾಗಿತ್ತು. ಆ ವಾಡಿಕೆ ಕಂಪನಿಗಳ ಗೋಪ್ಯತೆಯ ಒಪ್ಪಂದಗಳಿಂದ ಮುರಿದುಬಿದ್ದಾಗ, ಎಲ್ಲರೂ ಓದಿ ತಿದ್ದಬಹುದಾದ ಒಂದು ಪೂರ್ಣ ಗಣಕ ವ್ಯವಸ್ಥೆಯನ್ನು ಕಟ್ಟುವುದಾಗಿ ಆತ 1983ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ. ಅದರ ಸಮರ್ಥನೆಯೇ 1985ರ ಪ್ರಣಾಳಿಕೆ.

ಗೇಟ್ಸ್ ಪತ್ರ ವ್ಯಾಪಾರಿಯ ಲೆಕ್ಕದ ರೂಪದಲ್ಲಿದ್ದರೆ ಈ ಪ್ರಣಾಳಿಕೆ ಶಾಸ್ತ್ರಗ್ರಂಥದ ಜಾಡಿನಲ್ಲಿದೆ. ಅದರ ಬಹುಭಾಗವನ್ನು ಆಕ್ಷೇಪಗಳೂ ಅವುಗಳಿಗೆ ಸಮಾಧಾನಗಳೂ ತುಂಬಿವೆ: ಹಣವಿಲ್ಲದೆ ಯಾರು ಬರೆಯುತ್ತಾರೆ, ಕರ್ತೃವಿಗೆ ತನ್ನ ಸೃಷ್ಟಿಯ ಮೇಲೆ ಹಕ್ಕಿಲ್ಲವೇ, ಸ್ಪರ್ಧೆಯಿಂದ ಒಳಿತಾಗುವುದಿಲ್ಲವೇ ಎಂಬಂತಹ ಪೂರ್ವಪಕ್ಷಗಳು ಒಂದೊಂದಾಗಿ ಬರುತ್ತವೆ, ಒಂದೊಂದಾಗಿ ಖಂಡನೆಗೊಳ್ಳುತ್ತವೆ. ನಮ್ಮ ಭಾಷ್ಯಕಾರರ ಕ್ರಮವನ್ನು ಬಲ್ಲವರಿಗೆ ಈ ವಿನ್ಯಾಸ ಪರಿಚಿತವೇ. ಭಾಷ್ಯಕಾರನ ಗುಣದೋಷಗಳೆರಡೂ ಇಲ್ಲಿವೆ. ಎದುರಾಳಿಯ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆಯಿದೆ. ಆ ಮಾತನ್ನು ತನಗೆ ಗೆಲ್ಲಲು ಬೇಕಾದಷ್ಟೇ ಬಲದಲ್ಲಿ ನಿಲ್ಲಿಸಿಕೊಳ್ಳುವ ಅವಸರವೂ ಇದೆ.

ಆದರೆ ಪ್ರಣಾಳಿಕೆಯ ನಿಜವಾದ ತೊಡಕು ಒಂದೇ ಪದದಲ್ಲಿದೆ. ಇಂಗ್ಲಿಷಿನ ‘ಫ್ರೀ’ ಎಂಬುದಕ್ಕೆ ಬೆಲೆಯಿಲ್ಲದ್ದು ಎಂದೂ ಬಂಧನವಿಲ್ಲದ್ದು ಎಂದೂ ಎರಡು ಅರ್ಥಗಳುಂಟು. ಕರ್ತೃವಿಗೇ ತನ್ನ ಮೊದಲ ಮಾತುಗಳು ಅಜಾಗರೂಕವೆನಿಸಿ, ಹಣ ಪಡೆಯುವುದು ತಪ್ಪಲ್ಲ, ಬಳಸಲು ಅಪ್ಪಣೆಗಾಗಿ ಹಣ ಕೊಡಬೇಕಾಗಿ ಬರುವುದು ತಪ್ಪು ಎಂಬರ್ಥದ ವಿವರಣೆಯನ್ನು ಮುಂದೆ ಅಡಿಟಿಪ್ಪಣಿಗಳಲ್ಲಿ ಸೇರಿಸಬೇಕಾಯಿತು. ಬಯಸಿದಂತೆ ಬಳಸುವ, ಅಧ್ಯಯನ ಮಾಡಿ ತಿದ್ದುವ, ಪ್ರತಿಗಳನ್ನು ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳ ಸೂತ್ರೀಕರಣ ಈ ಗೊಂದಲವನ್ನು ಪರಿಹರಿಸುವ ಯತ್ನವಾಗಿದೆ. 1989ರಲ್ಲಿ ಮೊದಲು ಪ್ರಕಟವಾದ ಗ್ನೂ ಸಾರ್ವಜನಿಕ ಪರವಾನಗಿಯು ಕೃತಿಸ್ವಾಮ್ಯದ ಕಾನೂನನ್ನೇ ತಿರುಗಿಸಿ ಹಿಡಿದು, ಪಡೆದವನು ತಿದ್ದಿ ಹಂಚುವುದಾದರೆ ಅದೇ ಸ್ವಾತಂತ್ರ್ಯಗಳೊಡನೆ ಹಂಚಬೇಕೆಂಬ ನಿಬಂಧನೆಯನ್ನು ಹಾಕಿತು.

ಓದಬಲ್ಲವನಿಗೆ ಮಾತ್ರ ಬೆಲೆಯುಳ್ಳ ಈ ಸ್ವಾತಂತ್ರ್ಯ ಸಾಮಾನ್ಯನಿಗೆ ಯಾವ ಪ್ರಯೋಜನಕ್ಕೆ ಎಂಬ ಆಕ್ಷೇಪ ಗಂಭೀರವಾದುದು. ಪ್ರಣಾಳಿಕೆ ಅದನ್ನು ಸಾಕಷ್ಟು ಎದುರಿಸಿಲ್ಲ. ಕರ್ನಾಟಕದ ಅನುಭವವೊಂದು ಇಲ್ಲಿ ನೆರವಿಗೆ ಬರುತ್ತದೆ. ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು, ಗ್ರಾಮಲೆಕ್ಕಿಗರ ಕೈಬರಹದ ಪ್ರತಿಗಳಿಗೆ ಮಾನ್ಯತೆ ತಪ್ಪಿತು. ಓದು ಬಾರದ ರೈತನೂ ತನ್ನ ಪಹಣಿಯನ್ನು ಪಕ್ಕದ ಮನೆಯ ಹುಡುಗನಿಂದಲೋ ವಕೀಲನಿಂದಲೋ ಓದಿಸಿಕೊಳ್ಳಬಲ್ಲ. ಆ ಕಾಗದ ತನಗೆ ಬೇಕಾದವರಿಂದ ಓದಿಸಿಕೊಳ್ಳಲು ಸಿಗುತ್ತದೆ ಎಂಬುದರಲ್ಲೇ ಅವನ ರಕ್ಷಣೆಯಿದೆ. ಜಮೀನು, ಪಡಿತರ, ಪಿಂಚಣಿಗಳನ್ನು ನಿರ್ಧರಿಸುವ ಕ್ರಮವಿಧಿಗಳ ವಿಷಯದಲ್ಲೂ ಪ್ರಶ್ನೆ ಇದೇ: ಎಲ್ಲರೂ ಓದುತ್ತಾರೆಯೇ ಎಂಬುದಲ್ಲ, ಓದಿಸಿಕೊಳ್ಳುವ ಹಕ್ಕು ಇದೆಯೇ ಎಂಬುದು.

4

ರೇಮಂಡ್‌ನ ಪ್ರಬಂಧ ಮೊದಲು ಮಂಡಿತವಾದದ್ದು 1997ರಲ್ಲಿ, ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ. ಕೆಲವೇ ಮಂದಿ ಮರೆಯಲ್ಲಿ ಕುಳಿತು ಕಟ್ಟುವ ಮಹಾ ದೇವಾಲಯದಂತೆ ತಂತ್ರಾಂಶ ರೂಪುಗೊಳ್ಳುವುದು ಒಂದು ಬಗೆ. ಗದ್ದಲದ ಪೇಟೆಯಂತೆ ಸಾವಿರಾರು ಮಂದಿಯ ಕೊಡುಕೊಳೆಯಲ್ಲಿ ರೂಪುಗೊಳ್ಳುವುದು ಇನ್ನೊಂದು ಬಗೆ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎರಡನೆಯ ಬಗೆಗೆ ನಿದರ್ಶನ. ದೇವಾಲಯದ ರೂಪಕ ಮೈಕ್ರೋಸಾಫ್ಟನ್ನು ಕುರಿತದ್ದೆಂಬ ನಂಬಿಕೆ ಪ್ರಚಲಿತವಾಗಿದ್ದರೂ, ಪ್ರಬಂಧವು ಅಲ್ಲಿ ಹೆಸರಿಸುವುದು ಸ್ಟಾಲ್‌ಮನ್‌ನ ಬಳಗದ ಕೃತಿಗಳನ್ನೇ. ಅರ್ಥಾತ್ ಇದು ಸ್ವಾತಂತ್ರ್ಯಪಕ್ಷದ ಒಳಗಿನ ಭಿನ್ನಮತ. ಇಲ್ಲಿ ನೀತಿಯ ಪ್ರಶ್ನೆ ಹಿಂದೆ ಸರಿದು ದಕ್ಷತೆಯ ಪ್ರಶ್ನೆ ಮುಂದೆ ಬರುತ್ತದೆ: ಹಂಚಿಕೊಳ್ಳುವುದು ಸರಿ ಎಂಬುದಕ್ಕಿಂತ, ಹಂಚಿಕೊಂಡರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು.

ಮರುವರ್ಷವೇ ಪದವೂ ಬದಲಾಯಿತು. ನೆಟ್‌ಸ್ಕೇಪ್ ಕಂಪನಿ ತನ್ನ ಜಾಲವೀಕ್ಷಕದ ಆಕರ ಸಂಕೇತವನ್ನು ಹೊರಗಿಡುವುದಾಗಿ 1998ರ ಜನವರಿಯಲ್ಲಿ ಘೋಷಿಸಿದ ಬೆನ್ನಲ್ಲೇ, ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಸೇರಿದ ಸಭೆಯಲ್ಲಿ ಕ್ರಿಸ್ಟೀನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಹೆಸರನ್ನು ಸೂಚಿಸಿದರು. ‘ಫ್ರೀ’ ಎಂಬ ಪದದ ಗೊಂದಲವನ್ನು ನಿವಾರಿಸುವುದು, ಕಂಪನಿಗಳ ಅಂಜಿಕೆಯನ್ನು ಹೋಗಲಾಡಿಸುವುದು ಅದರ ಉದ್ದೇಶವಾಗಿತ್ತು. ಎರಡೂ ನೆರವೇರಿದವು. 2001ರಲ್ಲಿ ಲಿನಕ್ಸನ್ನು ರೋಗಕ್ಕೆ ಹೋಲಿಸಿದ್ದ ಮುಖ್ಯಸ್ಥರಿದ್ದ ಮೈಕ್ರೋಸಾಫ್ಟ್, 2018ರಲ್ಲಿ ಇಂತಹ ಸಂಕೇತಗಳ ಬಹುದೊಡ್ಡ ಭಂಡಾರವಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. 2019ರಲ್ಲಿ ಐಬಿಎಂ ಸಂಸ್ಥೆ ರೆಡ್ ಹ್ಯಾಟ್ ಕಂಪನಿಯನ್ನು 3,400 ಕೋಟಿ ಡಾಲರಿಗೆ ಪಡೆಯಿತು.

‘ಬಜಾರ್’ ಎಂಬುದನ್ನು ಕನ್ನಡದಲ್ಲಿ ‘ಸಂತೆ’ ಎಂದು ಕಲ್ಪಿಸಿಕೊಂಡರೆ ರೇಮಂಡ್‌ನ ರೂಪಕದ ಕೊರತೆ ತಾನಾಗಿ ಗೋಚರಿಸುತ್ತದೆ. ಸಂತೆಯಲ್ಲಿ ಗದ್ದಲವಿದೆ, ಕೊಡುಕೊಳೆಯಿದೆ; ಅದರೊಡನೆ ಸಂತೆಮಾಳವೂ ಇದೆ, ಸುಂಕವೂ ಇದೆ. ಕನ್ನಡದ ಶಾಸನಗಳಲ್ಲಿ ಸಂತೆಯ ಪ್ರಸ್ತಾಪ ಬಂದೆಡೆ ಸುಂಕ ಯಾರಿಗೆ ಸಲ್ಲಬೇಕೆಂಬ ಪ್ರಸ್ತಾಪವೂ ಬರುವುದುಂಟು. ಮಾಳದ ಒಡೆತನವನ್ನು ಮರೆತು ಸಂತೆಯ ಗದ್ದಲವನ್ನಷ್ಟೇ ಕೊಂಡಾಡಿದ್ದು ಈ ಪ್ರಬಂಧದ ಮಿತಿ. ಗಿಟ್‌ಹಬ್ಬಿನಲ್ಲಿ ಬಹಿರಂಗವಾಗಿದ್ದ ಸಂಕೇತಗಳಿಂದ ಕಲಿತ ‘ಕೋಪೈಲಟ್’ ಎಂಬ ಸಹಾಯಕವನ್ನು 2022ರಲ್ಲಿ ತಿಂಗಳಿಗೆ 10 ಡಾಲರಿನಂತೆ ಮಾರಲಾರಂಭಿಸಿದಾಗ, ಸುಂಕ ಸಲ್ಲುವುದು ಯಾರಿಗೆಂಬುದು ಬೆಳಕಿಗೆ ಬಂದಿತು.

5

ಈ ಪದಗಳು ಕನ್ನಡಕ್ಕೆ ಬಂದ ಬಗೆಯನ್ನು ಈಗ ನೋಡಬಹುದು. ಇಂಗ್ಲಿಷಿನಲ್ಲಿ ಅಡಿಟಿಪ್ಪಣಿಗಳಿಂದ ಪರಿಹರಿಸಬೇಕಾದ ಗೊಂದಲ ಕನ್ನಡದಲ್ಲಿ ಹುಟ್ಟುವುದೇ ಇಲ್ಲ. ಬೆಲೆಯಿಲ್ಲದ್ದು ‘ಉಚಿತ’, ಬಂಧನವಿಲ್ಲದ್ದು ‘ಸ್ವತಂತ್ರ’. ಎರಡನೆಯ ಪದವಂತೂ ಈ ವಿಷಯಕ್ಕೇ ಹೇಳಿಮಾಡಿಸಿದಂತಿದೆ. ತನ್ನ ನಡೆಗೆ ಇನ್ನೊಂದನ್ನು ಆಶ್ರಯಿಸದಿರುವುದು ಸ್ವತಂತ್ರ, ಆಶ್ರಯಿಸಿರುವುದು ಪರತಂತ್ರ. ಸ್ವತಂತ್ರ ಮತ್ತು ಅಸ್ವತಂತ್ರ ಎಂಬ ವಿಭಾಗವನ್ನೇ ಮಧ್ವಾಚಾರ್ಯರು ತತ್ತ್ವವಿವೇಚನೆಯ ತಳಹದಿಯಾಗಿ ಇರಿಸಿಕೊಂಡರು. ‘ತಂತ್ರಾಂಶ’ ಎಂಬ ಹೊಸ ಪದದಲ್ಲಿಯೂ ಅದೇ ‘ತಂತ್ರ’ವಿದೆ.

ಇಷ್ಟು ಅನುಕೂಲವಿದ್ದೂ ಬಳಕೆಯಲ್ಲಿ ಹೆಚ್ಚಾಗಿ ನೆಲೆನಿಂತದ್ದು ‘ಮುಕ್ತ ತಂತ್ರಾಂಶ’ ಎಂಬ ಮಾತು. ‘ಮುಕ್ತ’ವೆಂಬುದು ‘ಫ್ರೀ’ಗೂ ಸಲ್ಲುತ್ತದೆ, ‘ಓಪನ್’ಗೂ ಸಲ್ಲುತ್ತದೆ. ಅದು ಬಿಡುಗಡೆಯ ಘನವಾದ ಪದ. ಜೊತೆಗೆ 1991ರ ಉದಾರೀಕರಣದ ತರುವಾಯ ‘ಮುಕ್ತ ಮಾರುಕಟ್ಟೆ’ಯ ಪದವೂ ಹೌದು. ಹೀಗಾಗಿ 1998ರಲ್ಲಿ ಪಾಲೊ ಆಲ್ಟೊದಲ್ಲಿ ಸಭೆ ಸೇರಿ ಚರ್ಚಿಸಿ ಮಾಡಬೇಕಾದ ಬದಲಾವಣೆ ಕನ್ನಡದಲ್ಲಿ ಯಾರ ಗಮನಕ್ಕೂ ಬಾರದಂತೆ ಒಂದೇ ಪದದೊಳಗೆ ಆಗಿಹೋಯಿತು. ಇಂಗ್ಲಿಷು ಬೆರೆಸಿದ್ದನ್ನು ಬೇರ್ಪಡಿಸುವ ಶಕ್ತಿಯಿದ್ದ ಕನ್ನಡ, ಇಂಗ್ಲಿಷು ಬೇರ್ಪಡಿಸಿದ್ದನ್ನು ಬೆರೆಸಿತು.

ಇನ್ನೊಂದು ಪದವನ್ನು ಪರಿಭಾಷೆಯ ಕರ್ತೃಗಳು ಪರಿಗಣಿಸಿದಂತೆ ತೋರುವುದಿಲ್ಲ. ಬಹುಶಃ ಅದು ಆಡುಮಾತಿನದೆಂಬ ಕಾರಣಕ್ಕೆ. ಅದು ‘ಬಿಟ್ಟಿ’. ಇಂದು ಪುಕ್ಕಟೆ ಎಂಬ ಅರ್ಥದಲ್ಲಿ ಬಳಕೆಯಾಗುವ ಈ ಪದ ‘ವಿಷ್ಟಿ’ಯ ತದ್ಭವ, ಅದರ ಮೂಲಾರ್ಥ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಬಲವಂತದ ದುಡಿಮೆ. ಬಿಟ್ಟಿ ಊಟವೂ ಉಂಟು, ಬಿಟ್ಟಿ ಚಾಕರಿಯೂ ಉಂಟು. ಪಡೆಯುವವನಿಗೆ ಬೆಲೆಯಿಲ್ಲದ್ದು, ದುಡಿಯುವವನಿಗೆ ಕೂಲಿಯಿಲ್ಲದ್ದು ಎಂಬೆರಡನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿದೆ. ಅಂತರ್ಜಾಲದ ಕಂಪನಿಗಳು ನೀಡುವ ‘ಫ್ರೀ’ ಸೇವೆಗಳಿಗೆ ಇದಕ್ಕಿಂತ ನಿಖರವಾದ ಹೆಸರಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2009ರಲ್ಲಿ ಗೂಗಲ್ ಕೊಂಡುಕೊಂಡ ‘ರೀಕ್ಯಾಪ್ಚಾ’ ಇದಕ್ಕೆ ಸ್ಪಷ್ಟ ನಿದರ್ಶನ. ತಾನು ಯಂತ್ರವಲ್ಲ, ಮನುಷ್ಯ ಎಂದು ತೋರಿಸಲು ಬಳಕೆದಾರನು ತೆರೆಯ ಮೇಲಿನ ಎರಡು ಸೊಟ್ಟ ಪದಗಳನ್ನು ಓದಿ ಬೆರಳಚ್ಚಿಸಬೇಕಿತ್ತು. ಅವುಗಳಲ್ಲೊಂದು ಹಳೆಯ ಪುಸ್ತಕದಿಂದಲೋ ಪತ್ರಿಕೆಯಿಂದಲೋ ತೆಗೆದ, ಯಂತ್ರಕ್ಕೆ ಓದಲಾಗದಿದ್ದ ಪದ. ಹೀಗೆ ಕೋಟ್ಯಂತರ ಜನ ತಮಗರಿವಿಲ್ಲದೆ ಗ್ರಂಥಗಳ ಲಿಪಿಕಾರರಾದರು. ಸೇವೆ ಬಿಟ್ಟಿ, ದುಡಿಮೆಯೂ ಬಿಟ್ಟಿ.

6

ಈ ಪದವಿವೇಚನೆ ಕನ್ನಡದ ಮಟ್ಟಿಗೆ ಪಾಂಡಿತ್ಯದ ವಿಲಾಸವಲ್ಲ. ಗಣಕದಲ್ಲಿ ಕನ್ನಡ ನೆಲೆಗೊಂಡ ಚರಿತ್ರೆಯೇ ಅದಕ್ಕೆ ಸಾಕ್ಷಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಎಲ್ಲರ ಬಳಕೆಗೂ ಒದಗಿತು, ಮುಂದೆ ರಾಜ್ಯದ ಮಾನ್ಯತೆಯನ್ನೂ ಪಡೆಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ನೆರವಿನೊಡನೆ ಕಚೇರಿಗಳನ್ನು ತಲುಪಿತು. ಇವುಗಳಿಂದ ಕನ್ನಡಕ್ಕಾದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಂದು ಬಳಕೆದಾರನಿಗೆ ದೊರೆತದ್ದು ಉಚಿತ ತಂತ್ರಾಂಶವೇ ಹೊರತು ಸ್ವತಂತ್ರ ತಂತ್ರಾಂಶವಲ್ಲ. ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದ ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಕಡತ, ಅದೇ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಪೂರ್ಣಚಂದ್ರ ತೇಜಸ್ವಿ (1938–2007) ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಭಾಷೆಯ ಅಳಿವು ಉಳಿವಿನ ಪ್ರಶ್ನೆಯೆಂದು ಎತ್ತಿಕೊಂಡದ್ದರ ಹಿನ್ನೆಲೆಯಲ್ಲಿ ಇಂತಹ ಪರಾಧೀನತೆಯ ಅರಿವಿತ್ತು.

ಈ ತೊಡಕನ್ನು ಬಿಡಿಸಿದ್ದು ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆ. ಅದನ್ನು ನಿರ್ವಹಿಸುವ ಒಕ್ಕೂಟ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದದ್ದು. ಮತದ ಹಕ್ಕುಳ್ಳ ಅದರ ಸದಸ್ಯರಲ್ಲಿ ದೊಡ್ಡ ಗಣಕ ಕಂಪನಿಗಳದ್ದೇ ಪ್ರಧಾನ ಸ್ಥಾನ. ಇಂದು ಕೈಫೋನಿನಲ್ಲಿ ಕನ್ನಡ ಓದಲು ಸಾಧ್ಯವಾಗಿರುವುದು ಆ ಕಂಪನಿಗಳು ಒಂದು ಶಿಷ್ಟತೆಗೆ ಒಪ್ಪಿದ್ದರಿಂದಲೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕಂಪನಿಗಳೆಲ್ಲ ಭಾಷೆಯ ಶತ್ರುಗಳೆಂಬ ಸರಳ ನಿಲುವಿಗೆ ಇಲ್ಲಿ ಎಡೆಯಿಲ್ಲ. ಆದರೆ ಅಧಿಕಾರ ಎಲ್ಲಿ ನೆಲೆಸಿದೆ ಎಂಬುದನ್ನು ಒಂದು ಅಕ್ಷರದ ಕತೆ ತಿಳಿಸುತ್ತದೆ. ಹಳಗನ್ನಡದ ‘ೞ’ ಕಾರ ಬಳಕೆಯಿಂದ ಜಾರುತ್ತಿದ್ದ 13ನೆಯ ಶತಮಾನದಲ್ಲಿ ಕೇಶಿರಾಜ ಅದನ್ನುಳ್ಳ ಪದಗಳನ್ನು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಮಾಡಿ ಉಳಿಸಿದ. ಅದೇ ಅಕ್ಷರ ಯೂನಿಕೋಡಿನಲ್ಲಿ ‘ಕನ್ನಡ ಲೆಟರ್ ಫಾ’ ಎಂಬ ತಪ್ಪು ಹೆಸರಿನಿಂದ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಒಕ್ಕೂಟದ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆಯೇ ಹೊರತು ಮೂಲದ ತಪ್ಪು ಹಾಗೆಯೇ ಉಳಿದಿದೆ. ಅಕ್ಷರ ತೆರೆಯ ಮೇಲೆ ಮೂಡಲು ಇದರಿಂದ ಅಡ್ಡಿಯೇನಿಲ್ಲ. ಆದರೆ ಪಂಪನ ಕಾಲದ ಅಕ್ಷರವೊಂದರ ಹೆಸರನ್ನು ತಿದ್ದುವ ಅಧಿಕಾರ ಕನ್ನಡದ ಯಾವ ವಿಶ್ವವಿದ್ಯಾಲಯಕ್ಕೂ, ಯಾವ ಅಕಾಡೆಮಿಗೂ ಇಲ್ಲ.

7

ಹಳೆಯ ವಾಗ್ವಾದ ಈಗ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳ ಸುತ್ತ ಮರುಕಳಿಸಿದೆ. ಮೆಟಾ ಕಂಪನಿ 2023ರ ಜುಲೈನಲ್ಲಿ ‘ಲಾಮಾ 2’ ಎಂಬ ಮಾದರಿಯನ್ನು ‘ಓಪನ್’ ಎಂದು ಸಾರಿ ಹೊರತಂದಿತು. ಅದರ ಪರವಾನಗಿಯಂತೆ ತಿಂಗಳಿಗೆ 70 ಕೋಟಿಗೂ ಹೆಚ್ಚು ಬಳಕೆದಾರರುಳ್ಳ ಕಂಪನಿಗಳು ಪ್ರತ್ಯೇಕ ಅಪ್ಪಣೆ ಪಡೆಯಬೇಕು. ಯಾವ ಯಾವ ಬರವಣಿಗೆಗಳಿಂದ ಆ ಮಾದರಿ ಕಲಿಯಿತೆಂಬ ವಿವರವನ್ನು ಹೊರಗಿಡಲಿಲ್ಲ. 1998ರಲ್ಲಿ ಕಂಪನಿಗಳಿಗೆ ಹಿತವಾಗಲೆಂದು ಆರಿಸಿದ ಪದ ಕಂಪನಿಗಳ ಕೈಯಲ್ಲೇ ಇನ್ನಷ್ಟು ಸಡಿಲವಾಯಿತು. 2023ರ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, ತನ್ನ ಬರಹಗಳನ್ನು ಅಪ್ಪಣೆಯಿಲ್ಲದೆ ಬಳಸಿಕೊಂಡರೆಂದು ಓಪನ್ ಎಐ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಮೇಲೆ ದಾವೆ ಹೂಡಿತು. 1976ರ ಪತ್ರದಲ್ಲಿ ವಾದಿಯ ಸ್ಥಾನದಲ್ಲಿದ್ದ ಕಂಪನಿ ಈಗ ಪ್ರತಿವಾದಿ. ಅಂದು ಹವ್ಯಾಸಿಗಳು ಹೇಳಬಹುದಾಗಿದ್ದ ಸಮರ್ಥನೆಗಳಿಗೆ ಹತ್ತಿರವಾದವು ಇಂದು ಅದರ ಪರವಾಗಿ ಮಂಡಿತವಾಗುತ್ತಿವೆ. ‘ಕಳವು’ ಮತ್ತು ‘ಹಂಚಿಕೆ’ ಎಂಬ ಪದಗಳ ಅರ್ಥವನ್ನು ನಿಶ್ಚಯಿಸುವುದು ಕೃತ್ಯದ ಸ್ವರೂಪಕ್ಕಿಂತ ಹೆಚ್ಚಾಗಿ ಕೃತ್ಯವೆಸಗಿದವನ ಸ್ಥಾನವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡದ ಬರವಣಿಗೆಗಳೂ ಇಂತಹ ಮಾದರಿಗಳಿಗೆ ಆಹಾರವಾಗುತ್ತಿರುವಾಗ ಪ್ರಶ್ನೆ ಹೊರಗಿನದಾಗಿ ಉಳಿದಿಲ್ಲ. ನಿಘಂಟು, ವಚನ ಸಂಪುಟ, ಶಾಸನ ಸಂಪುಟಗಳನ್ನು ತಲೆಮಾರುಗಳ ವಿದ್ವಾಂಸರು ಸಾರ್ವಜನಿಕ ಸಂಸ್ಥೆಗಳ ಆಶ್ರಯದಲ್ಲಿ ಸಿದ್ಧಪಡಿಸಿದ್ದಾರೆ. ಅವುಗಳನ್ನು ಬೀಗ ಹಾಕಿ ಇಡುವುದು ಉತ್ತರವಲ್ಲ. ಹಂಚಿಕೆಯಿಂದಲೇ ಅವು ಬಾಳುತ್ತವೆ. ಆದರೆ ಹಂಚುವಾಗ ‘ಮುಕ್ತ’ ಎಂದಷ್ಟೇ ಹೇಳಿ ಸುಮ್ಮನಾದರೆ ಅದು ಬಿಟ್ಟಿಯಾಗುವ ಸಂಭವವಿದೆ. ಗ್ನೂ ಪರವಾನಗಿ ಕಲಿಸಿದ ಪಾಠ ಇಲ್ಲಿ ಪ್ರಸ್ತುತ: ಕೊಡುವಾಗಲೇ, ಪಡೆದವನು ಅದನ್ನು ಆಧರಿಸಿ ಕಟ್ಟಿದ್ದನ್ನು ಅದೇ ನಿಬಂಧನೆಯ ಮೇಲೆ ಹಿಂದಿರುಗಿಸಬೇಕೆಂದು ಬರೆದು ಕೊಡಬಹುದು. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಕನ್ನಡ ತಂತ್ರಾಂಶದ ಆಕರ ಸಂಕೇತ ಸಾರ್ವಜನಿಕರಿಗೆ ದೊರೆಯಬೇಕೆಂದು ಸರ್ಕಾರದ ಒಪ್ಪಂದಗಳಲ್ಲಿ ಸೇರಿಸಬಹುದು. ಆ ಒಪ್ಪಂದಗಳ ಕನ್ನಡದಲ್ಲಿ ಎಲ್ಲಿ ‘ಉಚಿತ’ ಎಂದಿರಬೇಕು, ಎಲ್ಲಿ ‘ಸ್ವತಂತ್ರ’ ಎಂದಿರಬೇಕು ಎಂಬುದನ್ನು ನಿಷ್ಕರ್ಷಿಸುವ ಕೆಲಸ ತಂತ್ರಜ್ಞರೊಬ್ಬರದ್ದೇ ಅಲ್ಲ, ಭಾಷೆಯ ವಿದ್ವಾಂಸರದ್ದೂ ಹೌದು. ಅದನ್ನು ಅವರು ಕೈಗೆತ್ತಿಕೊಳ್ಳದಿದ್ದರೆ ಆ ಪದಗಳ ಅರ್ಥವನ್ನು ಮಾಳದ ಒಡೆಯರು ನಿರ್ಧರಿಸುತ್ತಾರೆ.